ಡೆನ್ನಿಸ್ ರಿಚಿ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (ಸೆಪ್ಟೆಂಬರ್ 9, 1941 – ಅಕ್ಟೋಬರ್ 2011) ಅಮೆರಿಕದ ಗಣಕ ವಿಜ್ಞಾನಿ. ಇವರು 'ಸಿ' ಪ್ರೋಗ್ರಾಮಿಂಗ್ ಭಾಷೆಯ ನಿರ್ಮಾತೃ. ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸಿದವರು. ಗಣಕದ ಸ್ಮೃತಿಯ (ಮೆಮೊರಿ) ವಿಳಾಸಗಳನ್ನು ನೇರವಾಗಿ ಬಳಸಲು ನೆರವಾಗುವ ಪಾಯಿಂಟರ್ 'ಸಿ' ಭಾಷೆಯ ಮುಖ್ಯ ಲಕ್ಷಣ. ಆ ಭಾಷೆಯಲ್ಲಿ ಪಾಯಿಂಟರ್ ಈಗಿನ ರೂಪವನ್ನು ಪಡೆದದ್ದು 1971ರಿಂದ 1973ರ ನಡುವೆ ರಿಚಿ ಅವರು ಕೈಗೊಂಡ ನಿರ್ಧಾರಗಳಿಂದ.

ಜನನ ಮತ್ತು ಶಿಕ್ಷಣ

ರಿಚಿ ಅವರು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಮತ್ತು ಅನ್ವಯಿಕ ಗಣಿತವನ್ನು ಅಭ್ಯಾಸ ಮಾಡಿದ ರಿಚಿ, 1967ರಲ್ಲಿ ತಂದೆಯಿದ್ದ ಪ್ರಯೋಗಾಲಯವನ್ನೇ ಸೇರಿದರು. 1968ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಬರೆದು ಮುಗಿಸಿದ್ದರೂ ಪದವಿಯನ್ನು ಅವರು ಪಡೆಯಲಿಲ್ಲ.

ಯುನಿಕ್ಸ್ ಮತ್ತು 'ಬಿ' ಭಾಷೆ

ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಯಿಂದ ಬೆಲ್ ಪ್ರಯೋಗಾಲಯವು 1969ರಲ್ಲಿ ಹೊರಬಂದಿತು. ಆ ವರ್ಷವೇ ಥಾಂಪ್ಸನ್ ಅವರು ಪಿಡಿಪಿ-7 ಎಂಬ ಸಣ್ಣ ಗಣಕದಲ್ಲಿ ಯುನಿಕ್ಸ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್ ಭಾಷೆಯನ್ನು ಆಧರಿಸಿ 'ಬಿ' ಎಂಬ ಭಾಷೆಯನ್ನೂ ರಚಿಸಿದರು.

'ಬಿ' ಭಾಷೆಯಲ್ಲಿ ದತ್ತಾಂಶದ ಪ್ರಕಾರಗಳು ಇರಲಿಲ್ಲ. ಸ್ಮೃತಿಯೆಂದರೆ ಒಂದೇ ಅಳತೆಯ ಕೋಶಗಳ ಸಾಲು. ಪಾಯಿಂಟರ್ ಎಂದರೆ ಆ ಸಾಲಿನಲ್ಲಿ ಒಂದು ಕೋಶದ ಕ್ರಮಸಂಖ್ಯೆ. 1970ರಲ್ಲಿ ಬಂದ ಪಿಡಿಪಿ-11 ಗಣಕದಲ್ಲಿ ಈ ಕಲ್ಪನೆ ಹೊಂದಲಿಲ್ಲ. ಅಲ್ಲಿ ವಿಳಾಸವಿದ್ದದ್ದು ಪ್ರತಿಯೊಂದು ಬೈಟ್‌ಗೆ. ಪೂರ್ಣಾಂಕವೊಂದು ಎರಡು ಬೈಟ್‌ಗಳನ್ನು ಆಕ್ರಮಿಸುತ್ತಿತ್ತು. ಹೀಗಾಗಿ ಪಾಯಿಂಟರ್ ಬಳಸಿದಾಗಲೆಲ್ಲ ಕೋಶದ ಸಂಖ್ಯೆಯನ್ನು ಬೈಟ್ ವಿಳಾಸಕ್ಕೆ ಪರಿವರ್ತಿಸಬೇಕಾಗಿ, ಪ್ರೋಗ್ರಾಂಗಳು ನಿಧಾನವಾದವು.

ಪಾಯಿಂಟರ್‌ನ ರೂಪುಗೊಳ್ಳುವಿಕೆ

1971ರಲ್ಲಿ ರಿಚಿ ಅವರು 'ಬಿ' ಭಾಷೆಗೆ ಪೂರ್ಣಾಂಕಕ್ಕಾಗಿ 'ಇಂಟ್' ಮತ್ತು ಅಕ್ಷರಕ್ಕಾಗಿ 'ಚಾರ್' ಎಂಬ ಪ್ರಕಾರಗಳನ್ನು ಸೇರಿಸಲಾರಂಭಿಸಿದರು. ಇದರಿಂದ ಪಾಯಿಂಟರ್ ಕೇವಲ ಸಂಖ್ಯೆಯಾಗಿ ಉಳಿಯಲಿಲ್ಲ. ಆ ವಿಳಾಸದಲ್ಲಿ ಯಾವ ಪ್ರಕಾರದ ವಸ್ತುವಿದೆ ಎಂಬುದೂ ಕಂಪೈಲರ್‌ಗೆ ತಿಳಿಯುವಂತಾಯಿತು. ಪಾಯಿಂಟರ್‌ಗೆ ಒಂದನ್ನು ಕೂಡಿಸಿದರೆ ಅದು ಮುಂದಿನ ಬೈಟ್‌ಗೆ ಹೋಗದೆ ಮುಂದಿನ ವಸ್ತುವಿಗೆ ಹೋಗುತ್ತದೆ: ಚಾರ್ ಆದರೆ ಒಂದು ಬೈಟ್, ಪಿಡಿಪಿ-11ರ ಇಂಟ್ ಆದರೆ ಎರಡು ಬೈಟ್.

ಎರಡನೆಯ ನಿರ್ಧಾರಕ್ಕೆ ಯುನಿಕ್ಸ್‌ನ ಕಡತಕೋಶವೇ ನಿಮಿತ್ತವಾಯಿತು. ಅದರ ಪ್ರತಿ ನಮೂದಿನಲ್ಲಿ ಎರಡು ಬೈಟ್‌ಗಳ ಒಂದು ಸಂಖ್ಯೆ, ಬಳಿಕ 14 ಅಕ್ಷರಗಳ ಹೆಸರು ಇರುತ್ತಿದ್ದವು. 'ಬಿ' ಭಾಷೆಯಲ್ಲಿ ಅರೇಯೊಂದನ್ನು (ಸರಣಿ) ಘೋಷಿಸಿದರೆ, ಅದರ ಮೊದಲ ಕೋಶದ ವಿಳಾಸವನ್ನು ಹೊತ್ತ ಪ್ರತ್ಯೇಕ ಪಾಯಿಂಟರ್ ಕೂಡ ಸ್ಮೃತಿಯಲ್ಲಿ ಸ್ಥಾನ ಪಡೆಯುತ್ತಿತ್ತು. ಡಿಸ್ಕ್‌ನಿಂದ ಓದಿದ 16 ಬೈಟ್‌ಗಳ ನಮೂದಿನಲ್ಲಿ ಅಂತಹ ಪಾಯಿಂಟರ್‌ಗೆ ಎಡೆಯೇ ಇರಲಿಲ್ಲ. ರಿಚಿ ಅವರು ಅದನ್ನು ಸ್ಮೃತಿಯಲ್ಲಿ ಇಡುವ ಕ್ರಮವನ್ನೇ ಕೈಬಿಟ್ಟರು. ಅರೇಯ ಹೆಸರು ಪದಾವಳಿಯಲ್ಲಿ ಬಂದಾಗ ಮಾತ್ರ ಅದು ಮೊದಲ ಅಂಶದ ವಿಳಾಸವಾಗಿ ಪರಿವರ್ತನೆಗೊಳ್ಳುತ್ತದೆ ಎಂಬ ನಿಯಮವನ್ನು ತಂದರು. ಅರೇ ಮತ್ತು ಪಾಯಿಂಟರ್ ಒಂದೇ ಎಂದು ಹೊಸದಾಗಿ ಕಲಿಯುವವರು ಭ್ರಮಿಸಲು ಈ ನಿಯಮವೇ ಕಾರಣ. ವಾಸ್ತವದಲ್ಲಿ ಅರೇ ಎಂದರೆ ವಸ್ತುಗಳನ್ನೇ ಇರಿಸಿದ ಸ್ಥಳ. ಪಾಯಿಂಟರ್ ಎಂದರೆ ವಿಳಾಸವೊಂದನ್ನು ಇರಿಸಿದ ಸ್ಥಳ.

'ಸಿ' ಭಾಷೆಯಲ್ಲಿ ಫಂಕ್ಷನ್‌ಗೆ ಸಲ್ಲುವುದು ಮೌಲ್ಯದ ಪ್ರತಿ ಮಾತ್ರ. ಎರಡು ವೇರಿಯಬಲ್‌ಗಳ ಮೌಲ್ಯಗಳನ್ನು ಅದಲುಬದಲು ಮಾಡುವ ಫಂಕ್ಷನ್‌ಗೆ ಅವುಗಳ ವಿಳಾಸವನ್ನು ಕೊಡಬೇಕಾಗುತ್ತದೆ. '&' ಚಿಹ್ನೆ ವೇರಿಯಬಲ್‌ನ ವಿಳಾಸವನ್ನು ನೀಡುತ್ತದೆ; '*' ಚಿಹ್ನೆ ಆ ವಿಳಾಸದಲ್ಲಿರುವ ವಸ್ತುವನ್ನು ತಲುಪಿಸುತ್ತದೆ. ಬಳಕೆಯಲ್ಲಿ ಕಾಣುವ ರೂಪವೇ ಘೋಷಣೆಯಲ್ಲೂ ಇರಬೇಕೆಂಬುದು ರಿಚಿ ಅವರ ಆಶಯವಾಗಿತ್ತು. ಇದು ಕಲಿಯುವವರಿಗೆ ತೊಡಕಾಗಿದೆ ಎಂಬುದನ್ನು, 'ಸಿ' ಭಾಷೆಯ ಬೆಳವಣಿಗೆಯ ಕುರಿತು 1993ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರೇ ಒಪ್ಪಿಕೊಂಡರು.

ಪ್ರಭಾವ ಮತ್ತು ಟೀಕೆ

1973ರ ಬೇಸಿಗೆಯಲ್ಲಿ ಪಿಡಿಪಿ-11ರ ಯುನಿಕ್ಸ್ ತಿರುಳನ್ನು 'ಸಿ' ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಬ್ರಯಾನ್ ಕರ್ನಿಘನ್ ಅವರೊಡನೆ ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪುಸ್ತಕ 1978ರಲ್ಲಿ ಪ್ರಕಟವಾಯಿತು. ಭಾಷೆಗೆ 1989ರಲ್ಲಿ ಅಮೆರಿಕದ ಮಾನಕ ದೊರೆಯಿತು.

ಅರೇಯ ಎಲ್ಲೆಯನ್ನು ಪಾಯಿಂಟರ್ ಮೀರಿದೆಯೇ ಎಂಬುದನ್ನು 'ಸಿ' ತಾನಾಗಿ ಪರಿಶೀಲಿಸುವುದಿಲ್ಲ. ಇದರಿಂದ ವೇಗ ದೊರೆತರೂ ಅಪಾಯ ಉಳಿಯಿತು. 1988ರ ನವೆಂಬರ್‌ನಲ್ಲಿ ಅಂತರ್ಜಾಲದಲ್ಲಿ ಹರಡಿದ ಮಾರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಈ ಲೋಪವೂ ಒಂದು: ನಿಗದಿತ ಸ್ಥಳಕ್ಕಿಂತ ಉದ್ದದ ಪಠ್ಯವನ್ನು ಕಳುಹಿಸಿ ಅದು ಪಕ್ಕದ ಸ್ಮೃತಿಯನ್ನು ಆಕ್ರಮಿಸಿತು. ಮುಂದೆ ಬಂದ ಜಾವಾದಂತಹ ಭಾಷೆಗಳು 'ಸಿ'ಯ ಬರವಣಿಗೆಯ ಶೈಲಿಯನ್ನು ಉಳಿಸಿಕೊಂಡು, ವಿಳಾಸಗಳ ಮೇಲಿನ ಲೆಕ್ಕಾಚಾರವನ್ನು ಕೈಬಿಟ್ಟವು.

ಬೆಲ್ ಪ್ರಯೋಗಾಲಯದ ಪ್ಲಾನ್ 9 ಮತ್ತು ಇನ್ಫರ್ನೋ ವ್ಯವಸ್ಥೆಗಳ ಕೆಲಸದಲ್ಲಿಯೂ ರಿಚಿ ಪಾಲ್ಗೊಂಡರು. ಪ್ಲಾನ್ 9ಕ್ಕಾಗಿ 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಸಂಕೇತ ಪದ್ಧತಿಯಲ್ಲಿಯೇ ಇಂದು ಅಂತರ್ಜಾಲದ ಬಹುಪಾಲು ಕನ್ನಡ ಪಠ್ಯವಿದೆ. ಅದರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್‌ಗಳು ಬೇಕು. ಮಂಗಳೂರಿನ ಕೂಳೂರಿನ ಹೆಸರನ್ನು ಉದಾಹರಣೆಯಾಗಿ ನೋಡಬಹುದು. 'ಕೂಳೂರು' ಎಂಬ ಮೂರಕ್ಷರದ ಪದದಲ್ಲಿ ಮೂರು ವ್ಯಂಜನಗಳು ಮತ್ತು ಮೂರು ಸ್ವರಚಿಹ್ನೆಗಳು ಸೇರಿ ಆರು ಸಂಕೇತಗಳಿವೆ. ಆದ್ದರಿಂದ ಅದು 18 ಬೈಟ್‌ಗಳನ್ನು ಆಕ್ರಮಿಸುತ್ತದೆ. 'ಸಿ' ಭಾಷೆಯಲ್ಲಿ ಪದದ ಕೊನೆಯನ್ನು ಸೂಚಿಸುವ ಶೂನ್ಯವೂ ಸೇರಿದರೆ 19. ಚಾರ್ ಪಾಯಿಂಟರ್‌ಗೆ ಒಂದನ್ನು ಕೂಡಿಸಿದರೆ ಅದು 'ಳೂ' ಅಕ್ಷರವನ್ನು ತಲುಪದೆ 'ಕ'ದ ಎರಡನೆಯ ಬೈಟ್‌ನಲ್ಲಿ ನಿಲ್ಲುತ್ತದೆ.

ಪ್ರಶಸ್ತಿಗಳು

ರಿಚಿ ಅವರಿಗೆ ಥಾಂಪ್ಸನ್ ಅವರೊಡನೆ ಜಂಟಿಯಾಗಿ ಸಂದ ಗೌರವಗಳು:

1983 – ಟ್ಯೂರಿಂಗ್ ಪ್ರಶಸ್ತಿ
1990 – ರಿಚರ್ಡ್ ಹ್ಯಾಮಿಂಗ್ ಪದಕ
1998 – ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ
2011 – ಜಪಾನ್ ಪ್ರಶಸ್ತಿ

ನಿಧನ

2007ರಲ್ಲಿ ನಿವೃತ್ತರಾದ ರಿಚಿ ಅವರು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದರು. 2011ರ ಅಕ್ಟೋಬರ್ 12ರಂದು ಅವರು ಮನೆಯಲ್ಲಿ ಮೃತಪಟ್ಟಿರುವುದು ತಿಳಿದುಬಂದಿತು. ಆಗ ಅವರಿಗೆ 70 ವರ್ಷ. ಅದೇ ತಿಂಗಳ 5ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ನಿಧನರಾಗಿದ್ದರಿಂದ ರಿಚಿ ಅವರ ಸಾವಿಗೆ ಮಾಧ್ಯಮಗಳಲ್ಲಿ ದೊರೆತ ಗಮನ ಅಲ್ಪ. ಆಪಲ್‌ನ ಮ್ಯಾಕ್ ಮತ್ತು ಐಫೋನ್‌ಗಳ ಕಾರ್ಯಾಚರಣಾ ವ್ಯವಸ್ಥೆಗಳೂ ಯುನಿಕ್ಸ್‌ನ ಪರಂಪರೆಗೆ ಸೇರಿದವು. ಅವುಗಳ ತಿರುಳಿನ ಬಹುಭಾಗ 'ಸಿ' ಭಾಷೆಯಲ್ಲಿದೆ.