ಹನಿಯ ಹುಟ್ಟನ್ನರಿತ ಪ್ಲಾಟೊ

ಕೊಳಾಯಿಯನ್ನು ತುಸುವೇ ತಿರುಗಿಸಿದಾಗ ನೀರು ಗಾಜಿನ ಕಡ್ಡಿಯಂತೆ ನೇರವಾಗಿ ಇಳಿಯುತ್ತದೆ. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಆ ಕಡ್ಡಿ ತುಂಡುತುಂಡಾಗಿ ಹನಿಗಳ ಸಾಲಾಗುತ್ತದೆ. ಮಂಜು ಬಿದ್ದ ಬೆಳಗಿನಲ್ಲಿ ಜೇಡರ ಬಲೆಯ ಎಳೆಯ ಮೇಲೆ ನೀರು ಉದ್ದಕ್ಕೂ ಬಳಿದಂತೆ ನಿಲ್ಲುವುದಿಲ್ಲ. ಮುತ್ತು ಪೋಣಿಸಿದಂತೆ ಹನಿಹನಿಯಾಗಿ ನಿಲ್ಲುತ್ತದೆ. ನಿತ್ಯವೂ ಕಣ್ಣಿಗೆ ಬೀಳುವ ಈ ಸಂಗತಿಯ ನಿಯಮವನ್ನು ತಿಳಿದು ಹೇಳಿದವನು ಜೋಸೆಫ್ ಪ್ಲಾಟೊ ಎಂಬ ಭೌತವಿಜ್ಞಾನಿ. ಅದನ್ನು ಲೋಕಕ್ಕೆ ತಿಳಿಸುವ ಹೊತ್ತಿಗೆ ಆತನು ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದನು. ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋನಿಗೂ ಈತನಿಗೂ ಯಾವ ಸಂಬಂಧವೂ ಇಲ್ಲ. ಹೆಸರಿನ ಉಚ್ಚಾರಣೆ ಮಾತ್ರ ಹತ್ತಿರವಾದುದು.

ಪ್ಲಾಟೊ 1801ನೆಯ ಇಸವಿ ಅಕ್ಟೋಬರ್ 14ರಂದು ಬ್ರಸೆಲ್ಸ್ ನಗರದಲ್ಲಿ ಜನಿಸಿದನು. ಆಗ ಬೆಲ್ಜಿಯಂ ಎಂಬ ಸ್ವತಂತ್ರ ರಾಷ್ಟ್ರವಿನ್ನೂ ಹುಟ್ಟಿರಲಿಲ್ಲ; ಆ ನಾಡು ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ತಂದೆ ಚಿತ್ರಕಾರ, ಹೂಗಳನ್ನು ಬರೆಯುವುದರಲ್ಲಿ ಪಳಗಿದ ಕೈ ಆತನದು. ಮಗನೂ ಕುಂಚವನ್ನೇ ಹಿಡಿಯಲೆಂದು ಆತನನ್ನು ಚಿತ್ರಕಲೆಯ ಶಾಲೆಗೆ ಸೇರಿಸಿದನು. ಆದರೆ ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಬಾಲಕನು ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡನು. ಆತನೂ ಇಬ್ಬರು ಸೋದರಿಯರೂ ಸೋದರಮಾವನ ಆಶ್ರಯಕ್ಕೆ ಬಂದರು. ಸೋದರಮಾವ ವಕೀಲನಾಗಿದ್ದುದರಿಂದ ಹುಡುಗನು ನ್ಯಾಯಶಾಸ್ತ್ರವನ್ನು ಓದಲೆಂಬುದು ಮನೆಯವರ ಅಪೇಕ್ಷೆಯಾಯಿತು. ಹೀಗೆ ಒಬ್ಬರು ಕುಂಚವನ್ನೂ ಇನ್ನೊಬ್ಬರು ಕಾನೂನು ಪುಸ್ತಕವನ್ನೂ ಕೈಗಿತ್ತರೂ ಆತನ ಮನಸ್ಸು ಒಲಿದದ್ದು ಪ್ರಯೋಗಗಳ ಕಡೆಗೆ. ಬ್ರಸೆಲ್ಸಿನಲ್ಲಿ ಆತನಿಗೆ ಗಣಿತವನ್ನು ಕಲಿಸಿದ ಅಡಾಲ್ಫ್ ಕೆಟಲೆ ಮುಂದೆ ಖಗೋಳವಿಜ್ಞಾನಿಯಾಗಿಯೂ ಸಂಖ್ಯಾಶಾಸ್ತ್ರಜ್ಞನಾಗಿಯೂ ಹೆಸರಾದವನು. ಅಂಥ ಗುರುವಿನ ಪ್ರಭಾವ ಶಿಷ್ಯನ ಮೇಲೆ ಆಗದಿರುತ್ತದೆಯೇ? ಲಿಯೇಜ್ ವಿಶ್ವವಿದ್ಯಾನಿಲಯದಲ್ಲಿ ಪ್ಲಾಟೊ ನ್ಯಾಯಶಾಸ್ತ್ರದಿಂದ ವಿಜ್ಞಾನದ ಕಡೆಗೆ ಹೊರಳಿದನು. ಶಾಲೆಯೊಂದರಲ್ಲಿ ಗಣಿತವನ್ನು ಬೋಧಿಸುತ್ತಲೇ ವ್ಯಾಸಂಗವನ್ನು ಮುಂದುವರಿಸಿ, 1829ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು.

ಆತನ ಮಹಾಪ್ರಬಂಧದ ವಿಷಯ ಕಣ್ಣು. ನಾವು ಕಂಡ ವಸ್ತುವಿನ ಅಚ್ಚು ಅಕ್ಷಿಪಟಲದ ಮೇಲೆ ಒಡನೆಯೇ ಅಳಿಸಿಹೋಗುವುದಿಲ್ಲ. ಕ್ಷಣದ ಒಂದು ಭಾಗದಷ್ಟು ಕಾಲ ಉಳಿಯುತ್ತದೆ. ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುವುದು ಇದರಿಂದಲೇ. ಈ ತತ್ತ್ವವನ್ನು ಆಧರಿಸಿ ಪ್ಲಾಟೊ 1832ರಲ್ಲಿ ಒಂದು ಸಾಧನವನ್ನು ರಚಿಸಿದನು. ರಟ್ಟಿನ ಬಿಲ್ಲೆಯೊಂದರ ಅಂಚಿನಲ್ಲಿ ಸೀಳುಗಳು, ಒಳಗೆ ಸುತ್ತಲೂ ನರ್ತಕನೊಬ್ಬನ ಬೇರೆ ಬೇರೆ ಭಂಗಿಗಳು. ಕನ್ನಡಿಯ ಮುಂದೆ ಬಿಲ್ಲೆಯನ್ನು ತಿರುಗಿಸಿ ಸೀಳುಗಳ ಮೂಲಕ ನೋಡಿದರೆ ಚಿತ್ರದ ನರ್ತಕ ಕುಣಿಯತೊಡಗುವನು! ಅದೇ ವೇಳೆಗೆ ವಿಯೆನ್ನಾ ನಗರದ ಸ್ಟಾಂಪ್ಫರ್ ಎಂಬಾತನೂ ಸ್ವತಂತ್ರವಾಗಿ ಇಂಥದೇ ಸಾಧನವನ್ನು ಕಲ್ಪಿಸಿದ್ದನು. ಚಲನಚಿತ್ರದ ಪೂರ್ವಜರಲ್ಲಿ ಇದೂ ಒಂದು. ತಂದೆ ಕಲಿಸಲೆಳಸಿದ ಚಿತ್ರಕಲೆ ವ್ಯರ್ಥವಾಗಲಿಲ್ಲವೆನ್ನಬೇಕು.

ಕಣ್ಣನ್ನು ಕುರಿತ ಈ ಕುತೂಹಲ ಒಮ್ಮೆ ಮಿತಿಮೀರಿತು. ತೀವ್ರವಾದ ಬೆಳಕು ಅಕ್ಷಿಪಟಲದ ಮೇಲೆ ಏನು ಪರಿಣಾಮ ಬೀರುವುದೆಂದು ತಿಳಿಯುವ ಹಂಬಲದಿಂದ ಆತನು 1829ರಲ್ಲಿ ಸುಮಾರು 25 ಸೆಕೆಂಡುಗಳ ಕಾಲ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದನು. ಕೆಲವು ದಿನ ದೃಷ್ಟಿ ಹೋದಂತಾಗಿ ಮತ್ತೆ ಮರಳಿತು. ಇದು ಯಾರೂ ಎಂದಿಗೂ ಮಾಡಬಾರದ ಸಾಹಸ. ಮುಂದೆ ಆತನು ಕುರುಡನಾದದ್ದು ಇದರಿಂದಲೇ ಎಂದು ಬಹುಕಾಲ ಜನ ನಂಬಿದ್ದರು. ಆತನ ನಂಬಿಕೆಯೂ ಅದೇ ಆಗಿತ್ತು. ಆದರೆ ರೋಗದ ಲಕ್ಷಣಗಳನ್ನು ಪರಿಶೀಲಿಸಿದ ಇತ್ತೀಚಿನ ವೈದ್ಯರು ಕಣ್ಣಿನ ಒಳಪೊರೆಯ ಉರಿಯೂತವೇ ಅದಕ್ಕೆ ಕಾರಣವಾಗಿರಬೇಕೆಂದು ಅಭಿಪ್ರಾಯಪಡುತ್ತಾರೆ.

1835ರಲ್ಲಿ ಪ್ಲಾಟೊ ಗೆಂಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕನಾದನು. 1840ರಲ್ಲಿ ಮದುವೆಯಾಯಿತು, ಮರುವರ್ಷ ಮಗ ಫೆಲಿಕ್ಸ್ ಹುಟ್ಟಿದನು. ಸಂಸಾರ ಕೈಗೂಡಿತು, ಹುದ್ದೆ ಭದ್ರವಾಯಿತು ಎನ್ನುವ ಕಾಲಕ್ಕೆ ಕಣ್ಣಿನ ಬೇನೆ ತಲೆಯೆತ್ತಿತು. 1843ರ ಹೊತ್ತಿಗೆ ದೃಷ್ಟಿ ಪೂರ್ಣವಾಗಿ ನಂದಿತು. ಆಗ ಆತನಿಗೆ ನಲವತ್ತೆರಡು ವರ್ಷ ವಯಸ್ಸು. ನೋಟವನ್ನೇ ತನ್ನ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡವನಿಗೆ ನೋಟವೇ ಇಲ್ಲದಾಯಿತು. ತರಗತಿಯ ಬೋಧನೆ ನಿಂತಿತು. ಮಗುವಿನ ಮುಖ ಬೆಳೆದು ಬದಲಾಗುವುದನ್ನು ಆ ತಂದೆ ಕಾಣಲಾರದೆ ಹೋದನು.

ಪ್ರಯೋಗಗಳು ಮಾತ್ರ ನಿಲ್ಲಲಿಲ್ಲ. ದೃಷ್ಟಿ ಕುಂದುತ್ತಿದ್ದ ದಿನಗಳಲ್ಲಿಯೇ ಆತನು ಹೊಸದೊಂದು ಕೆಲಸವನ್ನು ಕೈಗೊಂಡಿದ್ದನು. ದ್ರವಕ್ಕೆ ಸ್ವಂತ ಆಕಾರವಿಲ್ಲವೆಂದು ಹೇಳುವುದು ವಾಡಿಕೆ. ಭೂಮಿಯ ಸೆಳೆತ ಬಾಧಿಸದಿದ್ದರೆ ದ್ರವವು ತಾನಾಗಿ ಯಾವ ಆಕಾರವನ್ನು ತಳೆದೀತು? ಇದನ್ನು ತಿಳಿಯಲು ಪ್ಲಾಟೊ ಒಂದು ಸರಳವಾದ ಉಪಾಯವನ್ನು ಹೂಡಿದನು. ಆಲಿವ್ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಮದ್ಯಸಾರದಲ್ಲಿ ಮುಳುಗುತ್ತದೆ. ನೀರನ್ನೂ ಮದ್ಯಸಾರವನ್ನೂ ಹದವರಿತು ಬೆರೆಸಿ ಮಿಶ್ರಣದ ಸಾಂದ್ರತೆಯನ್ನು ಎಣ್ಣೆಯ ಸಾಂದ್ರತೆಗೆ ಸಮನಾಗಿಸಿದರೆ ಎಣ್ಣೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ; ಪಾತ್ರೆಯ ನಡುವೆ ನಿಶ್ಚಲವಾಗಿ ನಿಂತು ದುಂಡನೆಯ ಗೋಲವಾಗುತ್ತದೆ. ಆ ಗೋಲದ ನಡುವೆ ಸರಳೊಂದನ್ನು ನಿಲ್ಲಿಸಿ ತಿರುಗಿಸಿದಾಗ ಅದು ಭೂಮಿಯಂತೆ ಮೇಲೆ ಕೆಳಗೆ ಚಪ್ಪಟೆಯಾಯಿತು. ವೇಗವನ್ನು ಹೆಚ್ಚಿಸಿದಾಗ ಶನಿಗ್ರಹವನ್ನು ನೆನಪಿಗೆ ತರುವ ಉಂಗುರ ರೂಪುಗೊಂಡಿತು.

ಎಣ್ಣೆಯ ಗೋಲವನ್ನು ಎರಡು ತಂತಿಯ ಬಳೆಗಳ ನಡುವೆ ಹಿಡಿದು, ಬಳೆಗಳನ್ನು ನಿಧಾನವಾಗಿ ದೂರ ಸರಿಸಿದರೆ ಎಣ್ಣೆ ಕಂಬದ ಆಕಾರವನ್ನು ತಾಳುತ್ತದೆ. ಕಂಬ ಗಿಡ್ಡವಾಗಿರುವವರೆಗೂ ಅಲುಗದೆ ನಿಲ್ಲುತ್ತದೆ. ಉದ್ದ ಒಂದು ಮಿತಿಯನ್ನು ದಾಟಿತೋ, ಒಂದು ಕಡೆ ಸೊಂಟ ಕಿರಿದಾಗಿ ಇನ್ನೊಂದು ಕಡೆ ಹೊಟ್ಟೆ ಉಬ್ಬಿ, ಕೊನೆಗೆ ಕಂಬ ಕಡಿದು ಎರಡು ತುಂಡಾಗುತ್ತದೆ. ಆ ಮಿತಿ ಯಾವುದು? ಪ್ರಯೋಗದಲ್ಲಿ ದೊರೆತ ಉತ್ತರ, ವ್ಯಾಸದ 3.13ರಿಂದ 3.18ರಷ್ಟು. ಗಣಿತದ ಪಾಠವನ್ನು ಓದಿದವರಿಗೆ ಈ ಸಂಖ್ಯೆ ಪರಿಚಿತವಾದುದೇ. ವೃತ್ತದ ಸುತ್ತಳತೆ ವ್ಯಾಸದ 3.14ರಷ್ಟು, ಅಂದರೆ ಕಂಬದ ಉದ್ದ ಅದರ ಸುತ್ತಳತೆಯನ್ನು ಮೀರಿದರೆ ಅದು ನಿಲ್ಲಲಾರದು.

ಇದಕ್ಕೆ ಕಾರಣ ಮೇಲ್ಮೈ ಎಳೆತ. ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತ, ತನ್ನ ವಿಸ್ತಾರವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಲು ಹವಣಿಸುತ್ತದೆ. ಒಂದು ಮಿಲಿಮೀಟರ್ ವ್ಯಾಸವೂ ನಾಲ್ಕೂವರೆ ಮಿಲಿಮೀಟರ್ ಉದ್ದವೂ ಉಳ್ಳ ನೀರಿನ ಎಳೆಯ ಪಾರ್ಶ್ವ ಸುಮಾರು 14 ಚದರ ಮಿಲಿಮೀಟರ್. ಅಷ್ಟೇ ನೀರು ಒಂದು ಹನಿಯಾದರೆ ಅದರ ಮೇಲ್ಮೈ ಸುಮಾರು 11 ಚದರ ಮಿಲಿಮೀಟರ್ ಮಾತ್ರ. ಎಳೆಯ ಮೇಲೆ ಸದಾ ಚಿಕ್ಕಪುಟ್ಟ ಅಲೆಗಳು ಏಳುತ್ತಿರುತ್ತವೆ. ಸುತ್ತಳತೆಗಿಂತ ಗಿಡ್ಡವಾದ ಅಲೆ ಮೇಲ್ಮೈಯನ್ನು ಹೆಚ್ಚಿಸುವುದರಿಂದ ತಾನೇ ಅಡಗುತ್ತದೆ. ಉದ್ದವಾದ ಅಲೆ ಮೇಲ್ಮೈಯನ್ನು ತಗ್ಗಿಸುವುದರಿಂದ ಬೆಳೆಬೆಳೆದು ಎಳೆಯನ್ನು ಕಡಿಯುತ್ತದೆ. ಪ್ಯಾರಿಸಿನ ಸಾವಾರ್ ಎಂಬ ವಿಜ್ಞಾನಿ 1833ರಲ್ಲಿಯೇ ನೀರಿನ ಧಾರೆ ಹನಿಗಳಾಗಿ ಒಡೆಯುವುದನ್ನೂ, ಸಂಗೀತದ ಸ್ವರವನ್ನು ನುಡಿಸಿದಾಗ ಆ ಒಡೆತ ಬದಲಾಗುವುದನ್ನೂ ಗಮನಿಸಿದ್ದನು. ಧಾರೆಯೆಂದರೆ ನಿಲ್ಲಲಾರದಷ್ಟು ಉದ್ದವಾದ ಕಂಬವೆಂದು ತೋರಿಸಿ ಅದಕ್ಕೆ ಅರ್ಥ ಹೇಳಿದವನು ಪ್ಲಾಟೊ.

ಇಷ್ಟನ್ನೂ ಕಾಣದವನು ಹೇಗೆ ಮಾಡಿದನು? ಪಾತ್ರೆ ಹೇಗಿರಬೇಕು, ಬಳೆಯ ಅಳತೆ ಎಷ್ಟು, ಯಾವುದರ ನಂತರ ಯಾವುದು ಎಂಬುದೆಲ್ಲವೂ ಆತನ ಮನಸ್ಸಿನಲ್ಲಿ ಮೊದಲೇ ರೂಪುಗೊಂಡಿರುತ್ತಿತ್ತು. ಕೈ ಬೇರೆಯವರದು, ಕಣ್ಣು ಬೇರೆಯವರದು. ಸಹೋದ್ಯೋಗಿಗಳು, ಶಿಷ್ಯರು, ಬೆಳೆದ ಮೇಲೆ ಮಗ ಫೆಲಿಕ್ಸ್, ಮುಂದೆ ಅಳಿಯನಾದ ವಾನ್ ಡೆರ್ ಮೆನ್ಸ್‌ಬ್ರುಗ್ಗೆ ಇವರೆಲ್ಲ ಕಂಡದ್ದನ್ನು ಆತನಿಗೆ ವಿವರಿಸುತ್ತಿದ್ದರು. ನೋಡುವವನು ತನಗೆ ಬೇಕಾದುದನ್ನಷ್ಟೇ ನೋಡಿ ಸುಮ್ಮನಾಗುವುದು ಸುಲಭ. ಕೇಳಿ ತಿಳಿಯಬೇಕಾದವನು ಪ್ರತಿಯೊಂದನ್ನೂ ಪ್ರಶ್ನಿಸಲೇಬೇಕು. ಎಳೆ ಕಡಿಯುವಾಗ ಎರಡು ದೊಡ್ಡ ಹನಿಗಳ ನಡುವೆ ಸಾಸಿವೆಯಂಥ ಪುಟ್ಟ ಮರಿಹನಿಯೊಂದು ಉಳಿಯುವ ಸಂಗತಿಯೂ ಆತನ ಬರಹಗಳಲ್ಲಿ ದಾಖಲಾಗಿದೆ. ಈ ಮರಿಹನಿಯ ಮಾತು ಮುಂದೆ ಮತ್ತೆ ಬರುವುದು.

1843ರಿಂದ ಇಪ್ಪತ್ತೈದು ವರ್ಷಗಳ ಕಾಲ ಒಂದರ ಹಿಂದೊಂದು ಬಂದ ಪ್ರಬಂಧಗಳನ್ನು ಕ್ರೋಡೀಕರಿಸಿ 1873ರಲ್ಲಿ ಪ್ಲಾಟೊ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಸಾಬೂನಿನ ಪೊರೆಗಳು ಮೂರು ಮೂರಾಗಿ 120 ಡಿಗ್ರಿಯ ಕೋನದಲ್ಲಿ ಕೂಡುತ್ತವೆಂಬ ನಿಯಮ ಮೊದಲಾದವು ಅದರಲ್ಲಿವೆ. ಅಲ್ಲಿಂದ ಹುಟ್ಟಿದ ಗಣಿತದ ಸಮಸ್ಯೆಯೊಂದು ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದನ್ನು ಬಿಡಿಸಿದ ಜೆಸ್ಸಿ ಡಗ್ಲಾಸನಿಗೆ 1936ರಲ್ಲಿ ಫೀಲ್ಡ್ಸ್ ಪದಕ ಲಭಿಸಿತು. ಪ್ಲಾಟೊ 1883ನೆಯ ಇಸವಿ ಸೆಪ್ಟೆಂಬರ್ 15ರಂದು ಗೆಂಟ್ ನಗರದಲ್ಲಿ ತೀರಿಕೊಂಡನು. ನಲವತ್ತು ವರ್ಷ ಕತ್ತಲೆಯಲ್ಲಿ ಕಳೆದ ಆತನು ಕೊನೆಗಾಲದಲ್ಲಿ ದೃಷ್ಟಿಗೆ ಸಂಬಂಧಿಸಿದ ಬರಹಗಳ ವಿಸ್ತಾರವಾದ ಸೂಚಿಯೊಂದನ್ನೂ ಸಿದ್ಧಪಡಿಸಿದ್ದನು.

ಆತನು ಬದುಕಿದ್ದಾಗಲೇ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದನು. ಧಾರೆಯ ಮೇಲೆ ಏಳುವ ಅಲೆಗಳಲ್ಲಿ ವ್ಯಾಸದ ಸುಮಾರು ನಾಲ್ಕೂವರೆಯಷ್ಟು ಉದ್ದವುಳ್ಳ ಅಲೆ ಎಲ್ಲಕ್ಕಿಂತ ಬೇಗ ಬೆಳೆಯುವುದೆಂದು ಆತನು ಲೆಕ್ಕದಿಂದ ತೋರಿಸಿದನು. ಧಾರೆಯನ್ನು ತಕ್ಕ ವೇಗದಲ್ಲಿ ಕಂಪಿಸಿದರೆ ಒಂದೇ ಗಾತ್ರದ ಹನಿಗಳನ್ನು ಪಡೆಯಬಹುದೆಂದು ಇದರಿಂದ ತಿಳಿಯಿತು. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ವಿದ್ಯುತ್ತನ್ನು ಕೊಟ್ಟರೆ ಹರಳು ಹಿಗ್ಗಿ ಕುಗ್ಗುವುದೂ ಬೇಗನೆ ಖಚಿತವಾಯಿತು. ಈ ಎರಡು ಅರಿವುಗಳೂ ಕೂಡಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಯಿಯ ಹನಿಗಳನ್ನು ಸಿಡಿಸಿ ಅಚ್ಚುಮಾಡುವ ಯಂತ್ರಗಳಿಗೆ ದಾರಿಯಾಯಿತು.

ಶಾಯಿಯ ಬದಲು ಜೀವವಿಜ್ಞಾನಿಗಳು ಡಿ.ಎನ್.ಎ. ದ್ರಾವಣವನ್ನು ಬಳಸಿದರು. ಜೀವಕೋಶದಲ್ಲಿ ವಂಶಗುಣಗಳನ್ನು ಹೊತ್ತಿರುವ ಡಿ.ಎನ್.ಎ. ಎಳೆ ನಾಲ್ಕು ಬಗೆಯ ಘಟಕಗಳ ಸರಣಿ. ಒಂದೊಂದು ಘಟಕಕ್ಕೂ ಗೊತ್ತಾದ ಒಂದೇ ಜೊತೆ. ಆದುದರಿಂದ ಒಂದು ಎಳೆ ತನಗೆ ಹೊಂದುವ ಎಳೆಯನ್ನಷ್ಟೇ ಹಿಡಿದುಕೊಳ್ಳುತ್ತದೆ. ಗಾಜಿನ ಪಟ್ಟಿಯ ಮೇಲೆ ಸಾವಿರಾರು ಚುಕ್ಕೆಗಳನ್ನಿಟ್ಟು, ಪ್ರತಿ ಚುಕ್ಕೆಯಲ್ಲಿಯೂ ಗೊತ್ತಿರುವ ಒಂದು ವಂಶವಾಹಿಯ ತುಣುಕನ್ನು ನೆಲೆಗೊಳಿಸಿ, ಹೊಳೆಯುವ ಬಣ್ಣ ಕಟ್ಟಿದ ಪರೀಕ್ಷಾದ್ರವವನ್ನು ಮೇಲೆ ಹರಿಸಿದರೆ ಯಾವ ಯಾವ ವಂಶವಾಹಿಗಳು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿವೆಯೆಂಬುದು ಚುಕ್ಕೆಗಳ ಹೊಳಪಿನಿಂದ ತಿಳಿಯುತ್ತದೆ. ಇದಕ್ಕೆ ಡಿ.ಎನ್.ಎ. ಮೈಕ್ರೋಅರೇ ಎಂದು ಹೆಸರು. ಅರ್ಬುದ ತಗುಲಿದ ಅಂಗಾಂಶಕ್ಕೂ ಆರೋಗ್ಯವಂತ ಅಂಗಾಂಶಕ್ಕೂ ಇರುವ ಅಂತರವನ್ನು ಹೀಗೆ ಅರಿಯಬಹುದು. 1995ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪಟ್ಟಿಯಲ್ಲಿ ಸಾಸಿವೆಯ ಜಾತಿಯ ಒಂದು ಪುಟ್ಟ ಗಿಡದ 45 ವಂಶವಾಹಿಗಳಿದ್ದವು. ಅದರ ಚುಕ್ಕೆಗಳನ್ನು ಲೇಖನಿಯ ಮೊನೆಯಂಥ ಸೂಜಿಯಿಂದ ಗಾಜನ್ನು ಮುಟ್ಟಿಸಿ ಇಟ್ಟಿದ್ದರು. 1996ರಲ್ಲಿ ಸಿಯಾಟಲ್ ನಗರದ ವಿಜ್ಞಾನಿಗಳು ಗಾಜನ್ನು ಮುಟ್ಟದೆಯೇ ಹನಿಗಳನ್ನು ಸಿಡಿಸಿ, ನಾಲ್ಕು ಘಟಕಗಳನ್ನು ನಾಲ್ಕು ಬಣ್ಣದ ಶಾಯಿಗಳಂತೆ ಬಳಸಿ, ಎಳೆಗಳನ್ನು ಗಾಜಿನ ಮೇಲೆಯೇ ಕಟ್ಟುವ ವಿಧಾನವನ್ನು ವಿವರಿಸಿದರು. ಮನುಷ್ಯನ ಸುಮಾರು 20,000 ವಂಶವಾಹಿಗಳನ್ನೂ ಒಂದೇ ಪಟ್ಟಿಯ ಮೇಲೆ ಪರೀಕ್ಷಿಸುವುದು ಮುಂದೆ ಸಾಧ್ಯವಾಯಿತು.

ಸಣ್ಣ ಗಾಜಿನ ಕೊಳವೆಯ ಸುತ್ತ ಹರಳಿನ ಬಳೆ. ವಿದ್ಯುತ್ತಿನ ಒಂದು ಮಿಡಿತಕ್ಕೆ ಬಳೆ ಕೊಳವೆಯನ್ನು ಹಿಸುಕುತ್ತದೆ, ತುದಿಯಿಂದ ಒಂದು ಹನಿ ಹೊರಬೀಳುತ್ತದೆ. ಅದರ ವ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೆಂದು ಭಾವಿಸಿದರೆ, ಒಂದು ಟೀ ಚಮಚದಷ್ಟು ದ್ರವದಲ್ಲಿ ಅಂಥ ಏಳು ಕೋಟಿಗೂ ಹೆಚ್ಚು ಹನಿಗಳಿರುತ್ತವೆ. ಹೊರಬೀಳುವ ಹನಿ ಕೊಳವೆಯ ತುದಿಗೆ ಎಳೆಯೊಂದರಿಂದ ಅಂಟಿಕೊಂಡಿರುತ್ತದೆ. ಎಳೆ ಉದ್ದವಾಗಿ ಕಡಿದಾಗ ಪ್ಲಾಟೊ ದಾಖಲಿಸಿದ ಮರಿಹನಿ ಹುಟ್ಟಬಹುದು. ಅದು ಪಕ್ಕದ ಚುಕ್ಕೆಯ ಮೇಲೆ ಬಿದ್ದರೆ ಒಂದು ವಂಶವಾಹಿಯ ಜಾಗದಲ್ಲಿ ಇನ್ನೊಂದು ಬೆರೆತು, ಪರೀಕ್ಷೆಯೇ ಸುಳ್ಳು ಹೇಳುವಂತಾಗುತ್ತದೆ. ಆದುದರಿಂದ ಅಚ್ಚನ್ನು ಆರಂಭಿಸುವ ಮೊದಲು ಹನಿಯನ್ನು ಪರೀಕ್ಷಿಸುತ್ತಾರೆ. ಸೆಕೆಂಡಿಗೆ ನೂರಾರು ಸಲ ಬೀಳುವ ಹನಿಯನ್ನು ಅಷ್ಟೇ ಸಲ ಮಿನುಗುವ ದೀಪದಿಂದ ಬೆಳಗಿಸಿದಾಗ ಅದು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ತಿರುಗುವ ಬಿಲ್ಲೆಯ ಸೀಳಿನಿಂದ ನೋಡಿದ ಚಿತ್ರದ ಹಾಗೆ. ನಿಂತ ಹನಿಯ ಹಿಂದೆ ಮರಿಹನಿ ಕಂಡುಬಂದರೆ ವಿದ್ಯುತ್ತಿನ ಮಿಡಿತವನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಒಂದೇ ಒಂದು ದುಂಡು ಹನಿ ಉಳಿದ ಮೇಲೆ ಗಾಜಿನ ಪಟ್ಟಿಯನ್ನು ಕೊಳವೆಯ ಕೆಳಗೆ ಸರಿಸುತ್ತಾರೆ.