ಮೊದಲ ಚುಚ್ಚುಮದ್ದು ತಮಗೇ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಮಕ್ಕಳೇ, ಆರೋಗ್ಯ ಸಹಾಯಕಿ ಚುಚ್ಚುಮದ್ದು ಹಿಡಿದು ಶಾಲೆಗೆ ಬಂದಾಗ ತೋಳು ಮುದುಡಿಕೊಂಡಿದ್ದೀರಾ? 1898ರಲ್ಲಿ ನಿಮ್ಮ ಪಕ್ಕದ ಹುಬ್ಬಳ್ಳಿಗೆ ಪ್ಲೇಗ್ ಬಂದಿತ್ತು. ಅಲ್ಲಿನ ಸಾವಿರಾರು ಜನ ಹೀಗೆಯೇ ಹೆದರುತ್ತ ತೋಳು ಒಡ್ಡಿದರು. ಆ ಲಸಿಕೆ ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

ಅವರು ಹುಟ್ಟಿದ್ದು 1860ರಲ್ಲಿ, ಇಂದಿನ ಉಕ್ರೇನಿನ ಒಡೆಸ್ಸಾದಲ್ಲಿ. 1893ರಲ್ಲಿ ಕಾಲರಾ ಲಸಿಕೆಯೊಂದಿಗೆ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದಾಗ ಸರ್ಕಾರ ಅವರನ್ನು ಕರೆಸಿತು. ಸಿಕ್ಕಿದ್ದು ವೈದ್ಯಕೀಯ ಕಾಲೇಜಿನ ಒಂದು ಚಿಕ್ಕ ಕೋಣೆ. ಅಲ್ಲಿ ಮಾಂಸದ ಸಾರಿನಲ್ಲಿ ರೋಗಾಣು ಬೆಳೆಸಿದರು. ಮೇಲೆ ತುಪ್ಪದ ಹನಿಗಳನ್ನೂ ತೇಲಿಬಿಡುತ್ತಿದ್ದರಂತೆ, ನೋಡಿ! ನಂತರ ಬಿಸಿ ಮಾಡಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಸತ್ತ ರೋಗಾಣು ಕಾಯಿಲೆ ತರಲಾರದು. ಆದರೆ ದೇಹ ಅದನ್ನು ಗುರುತಿಟ್ಟುಕೊಂಡು ಎದುರಿಸುವ ಶಕ್ತಿ ಬೆಳೆಸಿಕೊಳ್ಳುತ್ತದೆ. 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಇಳಿಯಿತು. ಈಗಲೂ ಸಹಾಯಕಿ ಜ್ವರದ ವಿಷಯ ಮೊದಲೇ ಹೇಳುವುದು ನೀವು ಗಾಬರಿಯಾಗದಿರಲೆಂದೇ.

1902ರಲ್ಲಿ ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಆರೋಪ ಹಾಫ್‌ಕಿನ್ ತಲೆಗೆ ಬಂತು, ಕೆಲಸವೂ ಹೋಯಿತು. ನಡೆದದ್ದೇ ಬೇರೆ. ಆ ಬಾಟಲಿ ತೆರೆಯುವಾಗ ಸಹಾಯಕನ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧ ಮಾಡದೆಯೇ ಮತ್ತೆ ಬಳಸಿದ್ದ. ಹಾಫ್‌ಕಿನ್ ನಿರ್ದೋಷಿ ಎನ್ನಿಸಿಕೊಳ್ಳಲು 1907 ಬರಬೇಕಾಯಿತು! 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಮುಂದಿನ ಸಲ ಸಹಾಯಕಿಯ ಕೈಗಳನ್ನೇ ಗಮನಿಸಿ. ಪ್ರತಿ ಮಗುವಿಗೂ ಹೊಸ ಸಿರಿಂಜಿನ ಪೊಟ್ಟಣ ಒಡೆಯುತ್ತಾರೆ. ಸೂಜಿ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಬಳಸುವುದಿಲ್ಲ.