ಮಕ್ಕಳೇ, ಇವನೇ ತಿಂಮ

ನಿಮ್ಮಲ್ಲಿ ಅನೇಕರು ಊರಿನ ಅಜ್ಜಿಗೆ ವಾಟ್ಸ್ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಕಳಿಸುತ್ತೀರಿ. ಅದಕ್ಕೆ ಮನೆಯಲ್ಲಿ ಬೈಗುಳವೂ ಬೀಳುತ್ತದೆ. ಇನ್ನು ಮೇಲೆ ಯಾರಾದರೂ ಬೈದರೆ ಬೀಚಿಯವರ ಹೆಸರು ಹೇಳಿ. ಕನ್ನಡದ ಈ ದೊಡ್ಡ ಹಾಸ್ಯಗಾರರು ತಮ್ಮ ಕಾವ್ಯನಾಮದ ‘ಬೀ’ಯನ್ನು ಕನ್ನಡದಲ್ಲಿ, ‘ಚಿ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಪುಸ್ತಕಗಳ ಮುಖಪುಟದಲ್ಲೂ ಹಾಗೇ ಅಚ್ಚಾಗಿದೆ. ಬೇಕಾದರೆ ನನ್ನ ಬೀರು ತೆಗೆದು ತೋರಿಸುತ್ತೇನೆ, ಬನ್ನಿ.

ನಿಜವಾದ ಹೆಸರು ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರಲ್ಲಿ, ಹರಪನಹಳ್ಳಿಯಲ್ಲಿ. ಆ ಊರು ಯಾವ ಜಿಲ್ಲೆ ಎಂದು ಕೇಳಿದರೆ ನಿಮ್ಮ ತಾತ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಹೇಳುತ್ತಾರೆ, ಇಬ್ಬರದೂ ಸರಿ. ಬಳ್ಳಾರಿಯಲ್ಲಿದ್ದದ್ದು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಬೀಚಿಯವರು ಹುಡುಗರಾಗಿದ್ದಾಗ ಇಡೀ ಸೀಮೆಯೇ ಮದರಾಸು ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಸುತ್ತಮುತ್ತ ತೆಲುಗು, ಸರ್ಕಾರದ ಕಾಗದಗಳಲ್ಲಿ ಇಂಗ್ಲಿಷ್. ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದ ಅವರು ಮುಂದೆ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಕನ್ನಡದಲ್ಲಿ ಓದುವಂಥದ್ದು ಏನಿದೆ ಮಹಾ ಎಂದು ಮೂಗು ಮುರಿಯುತ್ತಿದ್ದರು.

ಆಗ ಅವರ ಕೈಗೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಸಿಕ್ಕಿತು. ಅದು ಹಾಸ್ಯದ ಪುಸ್ತಕವಲ್ಲ. ಒಬ್ಬ ಸಂಗೀತಗಾರನ ಕಥೆ, ಓದಿದರೆ ಗಂಟಲು ಕಟ್ಟುತ್ತದೆ. (1966ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ನಟಿಸಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ. ಒಂದು ಶನಿವಾರ ಮನೆಮಂದಿಯೆಲ್ಲ ಕೂತು ನೋಡಿ.) ಆ ಒಂದು ಕಾದಂಬರಿ ಬೀಚಿಯವರನ್ನು ಕನ್ನಡಕ್ಕೆ ಎಳೆದುತಂದಿತು. ಅ.ನ.ಕೃ. ಅವರನ್ನು ಕೊನೆಯವರೆಗೂ ಗುರುಗಳೆಂದೇ ಭಾವಿಸಿದರು. ದೊಡ್ಡವರಾದ ಮೇಲೆ ಕನ್ನಡಕ್ಕೆ ಬಂದವರು 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದಿದ್ದರು. ಹತ್ತು ವರ್ಷದ ಮಗುವಿಗೆ ‘ಇನ್ನು ಕನ್ನಡ ಬರೋದಿಲ್ಲ ಬಿಡಿ’ ಎನ್ನುವ ಅಮ್ಮಂದಿರು ಇದನ್ನು ಸ್ವಲ್ಪ ಗಮನಿಸಬೇಕು.

ಈಗ ತಿಂಮನ ವಿಷಯ. ತಿಂಮ ಬೀಚಿಯವರು ಹುಟ್ಟಿಸಿದ ಪಾತ್ರ. ಕನ್ನಡ ಶಾಲೆಯಲ್ಲಿ ನೀವು ಬಾಯಿಪಾಠ ಮಾಡುವ ಡಿ.ವಿ.ಜಿ. ಅವರ ಮಂಕುತಿಮ್ಮನೇ ಬೇರೆ, ಇವನೇ ಬೇರೆ. ಆ ತಿಮ್ಮ ಜೀವನ ಹೇಗಿರಬೇಕೆಂದು ಹೇಳುತ್ತಾನೆ. ಈ ತಿಂಮ ಹೇಗಿದೆಯೋ ಹಾಗೆ ತೋರಿಸಿ ನಗುತ್ತಾನೆ. ‘ತಿಂಮನ ತಲೆ’, ‘ಅಂದನಾ ತಿಂಮ’, ‘ತಿಂಮ ರಸಾಯನ’ ಎಂದು ಅವನ ಹೆಸರಿನಲ್ಲೇ ಪುಸ್ತಕಗಳಿವೆ. ಅವನಿಗೆ ಒಂದು ವಯಸ್ಸಿಲ್ಲ, ಒಂದು ಉದ್ಯೋಗವಿಲ್ಲ. ಡಾಕ್ಟರ ಮುಂದೆ ರೋಗಿ, ಮೇಷ್ಟ್ರ ಮುಂದೆ ಹುಡುಗ, ನ್ಯಾಯಾಧೀಶರ ಮುಂದೆ ಕಟಕಟೆಯಲ್ಲಿ ನಿಂತವನು. ಎದುರಿಗಿದ್ದವರು ಏನು ಕೇಳಿದರೋ ಅದನ್ನು ಅಕ್ಷರಕ್ಕೆ ಅಕ್ಷರ ನಂಬಿ ಉತ್ತರ ಕೊಡುತ್ತಾನೆ, ಅಷ್ಟೆ. ಕೇಳಿದವರ ದೊಡ್ಡಸ್ತಿಕೆ ಅಲ್ಲಿಗೆ ಜರ್ರನೆ ಇಳಿದುಹೋಗುತ್ತದೆ. ತಿಂಮ ದಡ್ಡನೋ ಬುದ್ಧಿವಂತನೋ ಎಂದು ಬೀಚಿಯವರು ಹೇಳುವುದೇ ಇಲ್ಲ. ನನಗಂತೂ ಇದೇ ಅವರ ದೊಡ್ಡ ಜಾಣ್ಮೆ ಅನ್ನಿಸುತ್ತದೆ. ಹಾಸ್ಯ ಮಾಡುವವನು ತಾನು ಜಾಣ ಎಂದು ತೋರಿಸಿಕೊಂಡರೆ ನಗು ಅರ್ಧ ಸತ್ತಂತೆ.

‘ಸುಧಾ’ ವಾರಪತ್ರಿಕೆಯಲ್ಲಿ ಅವರದೊಂದು ಅಂಕಣವಿತ್ತು, ‘ನೀವು ಕೇಳಿದಿರಿ?’ ಎಂದು. ಓದುಗರು ಅಂಚೆ ಕಾರ್ಡಿನಲ್ಲಿ ಪ್ರಶ್ನೆ ಬರೆಯುವುದು, ಬೀಚಿಯವರು ಒಂದೆರಡು ಸಾಲಿನಲ್ಲಿ ಉತ್ತರಿಸುವುದು. ದೇವರ ಬಗ್ಗೆ, ಮಂತ್ರಿಗಳ ಬಗ್ಗೆ, ಮದುವೆಯ ಬಗ್ಗೆ, ಸುಮ್ಮನೆ ಅವರನ್ನು ಸಿಕ್ಕಿಸಬೇಕೆಂದೇ ಕೇಳಿದ ಪ್ರಶ್ನೆಗಳೂ ಬೇಕಾದಷ್ಟು. ನಾನು ಹೊಸಪೇಟೆಯಲ್ಲಿ ಬೆಳೆದವಳು. ಪತ್ರಿಕೆ ಬಂದ ದಿನ ನಮ್ಮಪ್ಪ ಊಟಕ್ಕೆ ಕೂತು ಪ್ರಶ್ನೆಯನ್ನು ಮಾತ್ರ ಗಟ್ಟಿಯಾಗಿ ಓದುತ್ತಿದ್ದರು, ಉತ್ತರದ ಮೇಲೆ ಬೆರಳು ಮುಚ್ಚಿಕೊಂಡು. ನಾವೆಲ್ಲ ನಮ್ಮ ನಮ್ಮ ಉತ್ತರ ಹೇಳಬೇಕು. ಆಮೇಲೆ ಬೀಚಿಯವರದು. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದ ಉತ್ತರ ಎಷ್ಟೋ ಸಲ ಬೀಚಿಯವರ ಉತ್ತರಕ್ಕಿಂತ ಚುರುಕಾಗಿರುತ್ತಿತ್ತು. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. ಆ ಪ್ರಶ್ನೋತ್ತರಗಳು ಆಮೇಲೆ ‘ಉತ್ತರಭೂಪ’ ಎಂಬ ಪುಸ್ತಕವಾದವು. ಇಲ್ಲಿ ನನ್ನ ಮಕ್ಕಳ ಜೊತೆ ನಾನು ಅದೇ ಆಟ ಆಡಿದೆ. ಮೊದಮೊದಲು ಅವರ ಉತ್ತರ ಪೂರ್ತಿ ಇಂಗ್ಲಿಷಿನಲ್ಲಿರುತ್ತಿತ್ತು, ಆದರೆ ಪ್ರಶ್ನೆಯಂತೂ ಕನ್ನಡದಲ್ಲೇ ಅರ್ಥವಾಗಲೇಬೇಕಲ್ಲ!

ಕನ್ನಡವನ್ನು ನಗಿಸಿದವರಲ್ಲಿ ಮನೆಯಲ್ಲಿ ಬೇರೆ ಭಾಷೆ ಆಡುತ್ತಿದ್ದವರೂ ಇದ್ದಾರೆ, ಗೊತ್ತೇ? ನಾಟಕಕಾರ ಟಿ.ಪಿ. ಕೈಲಾಸಂ ಅವರ ಮನೆಮಾತು ತಮಿಳು. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು. ಅವರ ಪಾತ್ರಗಳು ಇಂಗ್ಲಿಷ್ ಬೆರೆಸಿ ಆಡುವ ಕನ್ನಡ ಕೇಳಿದರೆ ನಮ್ಮ ಕೂಟದ ಪಿಕ್‌ನಿಕ್‌ನಲ್ಲಿ ಕೂತಂತೆಯೇ ಇರುತ್ತದೆ. ನಾ. ಕಸ್ತೂರಿ ಅವರದು ಕೇರಳ, ಮನೆಮಾತು ಮಲಯಾಳಂ. ಅವರು ‘ಅನರ್ಥಕೋಶ’ ಎಂಬ ತಮಾಷೆಯ ನಿಘಂಟನ್ನೇ ಬರೆದರು. ಬೀಚಿಯವರದೂ ಒಂದು ನಿಘಂಟಿದೆ, ‘ತಿಮ್ಮಿಕ್ಷನರಿ’. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವ ಸುಖವೇ ಬೇರೆ. ಅದಕ್ಕೆ ನಿಮಗೆ ಕನ್ನಡ ಇನ್ನೂ ಒಂದಿಷ್ಟು ಬರಬೇಕು, ಅಷ್ಟೇ.

ಇನ್ನು ಅಪ್ಪ-ಅಮ್ಮಂದಿರಿಗೆ ಎರಡು ಮಾತು. ಬೀಚಿಯವರನ್ನು ಕಣ್ಣುಮುಚ್ಚಿ ಮಕ್ಕಳ ಕೈಗೆ ಕೊಡಬೇಡಿ. ಅವರ ಕಾದಂಬರಿಗಳು ದೊಡ್ಡವರಿಗಾಗಿ ಬರೆದವು; ಒಂದೆರಡರ ಹೆಸರನ್ನು ಈ ಸಂಚಿಕೆಯಲ್ಲಿ ಹಾಕಿದರೆ ಸಂಪಾದಕರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹೆಂಡತಿಯನ್ನು, ಅತ್ತೆಯನ್ನು ಆಡಿಕೊಳ್ಳುವ ಜೋಕುಗಳು ಆ ಕಾಲದವು. ನನ್ನ ಮಗಳು ಅಂಥದೊಂದನ್ನು ಕೇಳಿ ಮುಖ ಸಿಂಡರಿಸಿದಳು, ನಾನು ಸಮರ್ಥಿಸಿಕೊಳ್ಳಲಿಲ್ಲ. ಪುಟ ತಿರುವಿ ಮುಂದಕ್ಕೆ ಹೋಗಿ. ಆದರೆ ಅವರ ಆತ್ಮಕಥೆ ‘ನನ್ನ ಭಯಾಗ್ರಫಿ’ಯನ್ನು ನೀವಾದರೂ ಬಿಡದೆ ಓದಿ. ಅನಾಥ ಹುಡುಗನೊಬ್ಬ ತನ್ನ ಬಡತನವನ್ನು ಯಾರ ಕನಿಕರವನ್ನೂ ಬೇಡದೆ, ನಗುನಗುತ್ತಾ ಹೇಳಿಕೊಳ್ಳುವುದು ಹೇಗೆ ಎಂದು ಅಲ್ಲಿ ಗೊತ್ತಾಗುತ್ತದೆ. ಅವರ ಜೋಕುಗಳ ಹಿಂದೆ ಎಷ್ಟು ಸಿಟ್ಟಿತ್ತು ಎಂಬುದೂ.

ಗಂಗಾವತಿ ಪ್ರಾಣೇಶ್ ಅವರ ಹಾಸ್ಯ ಕಾರ್ಯಕ್ರಮಕ್ಕೆ ನಾವೆಲ್ಲ ಮುಗಿಬಿದ್ದು ಹೋಗುತ್ತೇವೆ. ‘ಅಭಿನವ ಬೀಚಿ’ ಎಂದು ಅವರನ್ನು ಕರೆಯುವುದು ಯಾಕೆ ಎಂದು ಹಿಂದಿನ ಸಾಲಿನಲ್ಲಿ ಫೋನು ಒತ್ತುತ್ತಾ ಕೂತ ಮಕ್ಕಳಿಗೆ ಯಾರೂ ಹೇಳಿಲ್ಲ. ತಪ್ಪು ಮಕ್ಕಳದಲ್ಲ. ನಗು ಬರಬೇಕಾದರೆ ಮಾತು ಕಿವಿಗೆ ಪಳಗಿರಬೇಕು. ನಾವು ಅವರಿಗೆ ಕನ್ನಡದಲ್ಲಿ ಆಡುವುದು ಹೆಚ್ಚಿನಂಶ ‘ಊಟ ಮಾಡು’, ‘ಶೂ ಹಾಕ್ಕೋ’, ‘ಲೇಟಾಯ್ತು’ ಇಷ್ಟೇ. ಬೈಯುವುದಕ್ಕೆ ಮಾತ್ರ ಬಳಸುವ ಭಾಷೆ ಯಾವ ಮಗುವಿಗೆ ಇಷ್ಟವಾದೀತು?

ಬೀಚಿಯವರ ಪುಸ್ತಕ ಕೂಡಿಹಾಕುವುದು ನನಗೆ ಹಳೆಯ ಹುಚ್ಚು. ಊರಿಗೆ ಹೋದವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ಒಂದೊಂದೇ ತರಿಸಿಕೊಂಡಿದ್ದೇನೆ. ‘ಬೆಂಗಳೂರು ಬಸ್ಸು’ ಪುಸ್ತಕದ ರಟ್ಟಿನ ಮೇಲೆ ಎಣ್ಣೆಯ ಕಲೆ ಇದೆ, ಕ್ಷಮಿಸಬೇಕು. ಮುಂದಿನ ತಿಂಗಳಿಂದ ಈ ಪುಸ್ತಕಗಳ ಪೆಟ್ಟಿಗೆಯನ್ನು ಭಾನುವಾರದ ಕನ್ನಡ ತರಗತಿಗೆ ತರುತ್ತೇನೆ. ಮಕ್ಕಳು ‘ಅಂದನಾ ತಿಂಮ’ದಿಂದ ಶುರುಮಾಡಲಿ, ಓದಲು ಬಾರದಿದ್ದವರಿಗೆ ನಾನು ಓದಿ ಹೇಳುತ್ತೇನೆ. ‘ಆರಿದ ಚಹಾ’ ಮಾತ್ರ ಇನ್ನೂ ನನಗೆ ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಎರಡು ವಾರದ ಮಟ್ಟಿಗೆ ಕೊಡಿ. ಎಣ್ಣೆ ತಾಗಿಸದೆ ಹಿಂದಿರುಗಿಸುತ್ತೇನೆ.